ಎಡಗೈಗೊಂದು ಕೀಬೋರ್ಡು

ಮಾನ್ವಿ
8 ಜುಲೈ 2024

ವಿಜಿ,

ಕವರಿನ ಮೇಲೆ ನನ್ನ ಹೆಸರು ನೋಡಿಯೂ ಹರಿದು ಹಾಕದೆ ಇಲ್ಲಿಯವರೆಗೆ ಬಂದಿದ್ದರೆ, ಇನ್ನೊಂದು ಪುಟ ಓದಿಬಿಡು. ಏಳು ವರ್ಷದ ಹಿಂದೆಯೇ ನೀನು ನನ್ನ ನಂಬರನ್ನು ಬ್ಲಾಕ್ ಮಾಡಿದವಳು. ಅದಕ್ಕೇ ಈ ಕಾಗದ. ದೇವದುರ್ಗದ ಬಸ್ ಸ್ಟ್ಯಾಂಡಿನ ಎದುರು ನಿನ್ನ ಝೆರಾಕ್ಸ್ ಅಂಗಡಿ ಇದೆ ಅಂತ ನಮ್ಮ ಕಡೆಯ ಕಂಡಕ್ಟರೊಬ್ಬರು ಹೇಳಿದರು.

ನಾನು ಮಾನ್ವಿಯಲ್ಲಿ ತಹಸೀಲ್ ಆಫೀಸಿನ ಎದುರು ಟೈಪಿಂಗ್ ಅಂಗಡಿ ಇಟ್ಟುಕೊಂಡಿದ್ದೇನೆ. ಅಫಿಡವಿಟ್ಟು, ಅರ್ಜಿ, ವಂಶವೃಕ್ಷ, ನಡುನಡುವೆ ಲಗ್ನಪತ್ರಿಕೆ. ರಾಯಚೂರಿನ ತೀನ್ ಕಂದೀಲಿನ ಹತ್ತಿರ ವಲಿ ಪಾಷಾ ಸಾಹೇಬರ ಪ್ರೆಸ್ಸಿನಲ್ಲಿ ಹನ್ನೆರಡು ವರ್ಷ ಪಕ್ಕಪಕ್ಕ ಕೂತು ನಾವು ಏನು ಮಾಡಿದೆವೋ ಅದನ್ನೇ ಇಲ್ಲಿ ಒಬ್ಬಳೇ ಮಾಡುತ್ತಿದ್ದೇನೆ. ಕಂಪ್ಯೂಟರಿನ ಕೀಗಳಿಗಾಗಿ ನೀನು ಬರೆದಿದ್ದ ಆ ಸ್ಕ್ರಿಪ್ಟಿನಿಂದಲೇ ಇಷ್ಟು ದಿನ ಅಂಗಡಿ ನಡೆಯಿತು. ಒಂದು ಕೀ ಒತ್ತಿದರೆ ಅಫಿಡವಿಟ್ಟಿನ ಮೊದಲ ಆರು ಸಾಲು ತಾನೇ ಬಂದು ಬೀಳುತ್ತದೆ. ಬಂದವರು ಬಾಯಿ ಬಿಟ್ಟು ನೋಡುತ್ತಾರೆ.

ರಮಜಾನ್ ಮುಗಿದ ಮೇಲೆ ನನಗೆ ಬಿಪಿ ಏರಿ ಲಕ್ವಾ ಹೊಡೆಯಿತು. ಈಗ ಓಡಾಡುತ್ತೇನೆ, ಉಣ್ಣುತ್ತೇನೆ. ಬಲಗೈ ಮಾತ್ರ ನನ್ನ ಮಾತು ಕೇಳುವುದಿಲ್ಲ, ಮಡಿಲಲ್ಲಿ ಸುಮ್ಮನೆ ಮಲಗಿರುತ್ತದೆ. ಈ ಕಾಗದವನ್ನು ಎಡಗೈಯಿಂದ ಹೊಡೆದಿದ್ದೇನೆ, ಮೂರು ದಿನ ಹಿಡಿಯಿತು.

ನಮ್ಮವರು ಮುಕರ್ರಂ "ಬಂದ್ ಕರ್ ದೇವೋ, ಘರ್ ಮೇ ಬೈಠೋ" ಅನ್ನುತ್ತಾರೆ. ಅಂಗಡಿಯ ಮಾಲೀಕರು ದೀಪಾವಳಿಯವರೆಗೆ ನೋಡುತ್ತೇನೆ, ಆಮೇಲೆ ಬೇರೆಯವರಿಗೆ ಕೊಡುತ್ತೇನೆ ಅಂದಿದ್ದಾರೆ. ವಿಜಿ, ನನಗೆ ಮನೆಯಲ್ಲಿ ಕೂಡ್ರುವುದಕ್ಕೆ ಬರುವುದಿಲ್ಲ. ಎಲ್ಲ ಕೀಗಳನ್ನೂ ಎಡಗೈಯ ಕಡೆಗೆ ತಂದುಕೊಡಲು ಆಗುತ್ತದೆಯೇ? ಆ ಸ್ಕ್ರಿಪ್ಟಿನ ಒಳಗೆ ಕೈ ಹಾಕುವುದು ನಿನಗೊಬ್ಬಳಿಗೇ ಗೊತ್ತು.

ಆಗುವುದಿಲ್ಲವೆಂದರೂ ಎರಡು ಸಾಲು ಬರೆ.

ಇಂತಿ,
ವಾಹಿದಾ


ದೇವದುರ್ಗ
19 ಜುಲೈ 2024

ವಾಹಿದಾ ಬೇಗಂ ಅವರಿಗೆ,

ನಿಮ್ಮ ಕಾಗದ ತಲುಪಿತು. ಆರೋಗ್ಯದ ವಿಷಯ ತಿಳಿದು ಕೆಡುಕೆನಿಸಿತು.

ಕೀಗಳನ್ನು ಬದಲಾಯಿಸಬಹುದು. ಸ್ಕ್ರಿಪ್ಟಿನ ಜೊತೆಗೆ ಒಂದು ಪಟ್ಟಿಯ ಫೈಲು ಇರುತ್ತದೆ. ಯಾವ ಕೀ, ಯಾವ ಅಪ್ಲಿಕೇಶನ್ನು ತೆರೆದಿರುವಾಗ, ಏನನ್ನು ಕಳಿಸಬೇಕು ಅಂತ ಒಂದೊಂದು ಸಾಲಿನಲ್ಲಿ ಬರೆದಿರುತ್ತದೆ. ನನ್ನ ಹತ್ತಿರ ಈಗ ಅದರ ಕಾಪಿ ಇಲ್ಲ. ನಿಮ್ಮ ಫೈಲನ್ನು ಪೆನ್ ಡ್ರೈವಿಗೆ ಹಾಕಿ, ಸಿರವಾರದ ಮೇಲೆ ಬರುವ ಬಸ್ಸಿನ ಕಂಡಕ್ಟರ ಕೈಯಲ್ಲಿ ಕೊಟ್ಟು ಕಳಿಸಿ. ಯಾವ ಕೆಲಸ ದಿನಕ್ಕೆ ಹೆಚ್ಚು ಬರುತ್ತದೆಂದು ಪಟ್ಟಿ ಮಾಡಿ.

ಒಂದು ಮಾತು. ನನ್ನ ತಂಗಿಯ ಲಗ್ನಪತ್ರಿಕೆಯ ವಿಷಯವನ್ನು ಕಾಗದದಲ್ಲಿ ಎತ್ತಬಾರದು. ಬದುಕಿದ್ದ ನಮ್ಮ ಅಪ್ಪನ ಹೆಸರಿನ ಮುಂದೆ "ಲಿಂ." ಅಂತ ಹೊಡೆದು, ಲಿಂಗೈಕ್ಯರನ್ನಾಗಿ ಮಾಡಿ, ಐನೂರು ಕಾರ್ಡು ಊರಿಗೆಲ್ಲ ಹಂಚುವಂತೆ ಮಾಡಿದಿರಿ. ಲಗ್ನವಾಗಿ ಐದು ತಿಂಗಳಿಗೆ ಅಪ್ಪ ಹೋದರು. ನಮ್ಮ ಅವ್ವ ಇಂದಿಗೂ ನಿಮ್ಮ ಹೆಸರು ಹೇಳಿದರೆ ಎದ್ದು ಒಳಗೆ ಹೋಗುತ್ತಾಳೆ. ನಾನು ಕೆಲಸವೆಂದು ಮಾಡಿಕೊಡುತ್ತಿದ್ದೇನೆ, ಅಷ್ಟೆ.

ವಿಜಯಲಕ್ಷ್ಮಿ


ಮಾನ್ವಿ
2 ಆಗಸ್ಟ್ 2024

ವಿಜಿ,

ನೀನು "ಅವರಿಗೆ" ಅಂದರೂ ನನಗೆ ನೀನು ವಿಜಿಯೇ. ಆ ವಿಷಯ ಎತ್ತುವುದಿಲ್ಲ, ಆಯಿತು.

ಪೆನ್ ಡ್ರೈವ್ ಕಳಿಸಿದ್ದೇನೆ. ಹೆಚ್ಚು ಬರುವ ಕೆಲಸ: ನುಡಿ ಸಾಫ್ಟ್‌ವೇರಿನಲ್ಲಿ ಅಫಿಡವಿಟ್ಟಿನ ತಲೆ ಮತ್ತು ಬಾಲ, ಪೇಜ್‌ಮೇಕರಿನಲ್ಲಿ ಕಾರ್ಡಿನ ಅಳತೆ, ಪ್ರಿಂಟು, ಸೇವು. ಹಿಂದೂಗಳ ಕಾರ್ಡಿಗೆ ಮೇಲೆ ದೇವರ ಪ್ರಸನ್ನ, ನಮ್ಮವರ ಕಾರ್ಡಿಗೆ 786. ನೆನಪಿದೆಯೇ, ಹೊಸದರಲ್ಲಿ ಗಿಲ್ಲೆಸುಗೂರಿನ ಗೌಡರ ಮನೆಯ ಕಾರ್ಡಿಗೆ ನೀನು 786 ಹೊಡೆದು, ಅವರು "ಇರ್ಲಿ ಬಿಡ್ರೀ, ಎಲ್ಲಾ ದೇವ್ರೂ ಬರ್ಲಿ, ಊಟ ಮಾತ್ರ ನಮ್ಮ ಕಡೀದು" ಅಂತ ಹಾಗೇ ಒಯ್ದದ್ದು. ಆವತ್ತು ಮಧ್ಯಾಹ್ನ ನೀನು ಹೆದರಿಕೊಂಡು ಬುತ್ತಿ ಬಿಚ್ಚಲಿಲ್ಲ. ನಿನ್ನ ಪಾಲಿನ ಪುಂಡಿಪಲ್ಯ ನಾನೇ ತಿಂದೆ. ಅದರ ಮರುದಿನವೇ ನೀನು ಒಂದು ಪುಸ್ತಕ ತಂದು, ಕೂತು, ಆ ಸ್ಕ್ರಿಪ್ಟು ಬರೆಯಲು ಶುರು ಮಾಡಿದೆ. ವಲಿ ಪಾಷಾ ಸಾಹೇಬರು "ಯೇ ಲಡ್ಕಿ ಮಷೀನ್ ಕೋ ಭೀ ಕಾಮ್ ಸಿಖಾರೀ" ಅಂದಿದ್ದರು, ಮಷೀನಿಗೂ ಕೆಲಸ ಕಲಿಸುವ ಹುಡುಗಿ ಅಂತ.

ಇನ್ನೊಂದು. ಕೆಲವು ವಾಕ್ಯಗಳು ಬೇಕು. ನೋಟ್‌ಪ್ಯಾಡಿನಲ್ಲಿ, ಪರದೆ ತುಂಬುವಷ್ಟು ದೊಡ್ಡ ಅಕ್ಷರದಲ್ಲಿ, ಒಂದೇ ಕೀಗೆ ಬರಬೇಕು:

ಬರ್ರಿ, ಕುಂದ್ರಿ.
ಆಧಾರ್ ಕಾರ್ಡ್ ತಂದೀರೇನ್ರಿ?
ನಿಮ್ಮ ಹೆಸರು ಕಾರ್ಡಿನ್ಯಾಗ ಇದ್ದಂಗ ಬರೀಲೋ, ಕರಿಯೋ ಹಂಗ ಬರೀಲೋ?
ಸ್ವಲ್ಪ ತಡಾ ಆಗ್ತದ, ಬ್ಯಾಸರ ಮಾಡ್ಕೋಬ್ಯಾಡ್ರಿ.

ಕಂಡಕ್ಟರಿಗೆ ಚಹಾ ಕುಡಿಸು, ಒಳ್ಳೆಯ ಮನುಷ್ಯ.

ನಿನ್ನ,
ವಾಹಿದಾ


ದೇವದುರ್ಗ
1 ಸೆಪ್ಟೆಂಬರ್ 2024

ವಾಹಿದಾ ಅವರಿಗೆ,

ಪೆನ್ ಡ್ರೈವನ್ನು ಅದೇ ಕಂಡಕ್ಟರ ಕೈಯಲ್ಲಿ ವಾಪಸು ಕಳಿಸಿದ್ದೇನೆ. ನಿಮ್ಮ ಹಳೆಯ ಪಟ್ಟಿಯನ್ನು ಹಾಗೇ ಕಾಪಿ ಮಾಡಿಟ್ಟುಕೊಂಡು, ಹೊಸದನ್ನೇ ಮೊದಲಿನಿಂದ ಬರೆದೆ.

ಹೇಗೆಂದರೆ, ಸ್ಪೇಸ್ ಕೀಯನ್ನು ಹೆಬ್ಬೆರಳಲ್ಲಿ ಒತ್ತಿ ಹಿಡಿದುಕೊಂಡರೆ ಬಲಗಡೆಯ ಅಕ್ಷರಗಳೆಲ್ಲ ಎಡಗಡೆಗೆ ಬರುತ್ತವೆ, ಕನ್ನಡಿಯಲ್ಲಿ ಬಂದಂತೆ. F ಒತ್ತಿದರೆ J, D ಒತ್ತಿದರೆ K. ಸ್ಪೇಸ್ ಬಿಟ್ಟರೆ ಎಲ್ಲ ಮೊದಲಿನಂತೆ. ಮೊದಲ ವಾರ ಸಿಟ್ಟು ಬರುತ್ತದೆ. ಎರಡನೆಯ ವಾರ ಬೆರಳಿಗೆ ದಾರಿ ಗೊತ್ತಾಗುತ್ತದೆ. ನಾನೇ ಬಲಗೈಯನ್ನು ಸೆರಗಿನಲ್ಲಿ ಕಟ್ಟಿಕೊಂಡು ಹತ್ತು ದಿನ ಹಾಗೇ ಕೆಲಸ ಮಾಡಿ ನೋಡಿದ್ದೇನೆ. ಗಿರಾಕಿಗಳು ಕೈ ಮುರಿಯಿತೇ ಅಂತ ಕೇಳಿದರು.

ಶಾರ್ಟ್‌ಕಟ್ಟುಗಳಿಗೆ ಕ್ಯಾಪ್ಸ್ ಲಾಕ್ ಹಿಡಿಯಬೇಕು. ಕ್ಯಾಪ್ಸ್ ಮತ್ತು 1 ಒತ್ತಿದರೆ ಪ್ರಿಂಟು, 2 ಒತ್ತಿದರೆ ಸೇವು. ಯಾವ ಅಪ್ಲಿಕೇಶನ್ನು ಮುಂದೆ ಇದೆಯೆಂದು ಸ್ಕ್ರಿಪ್ಟೇ ನೋಡಿಕೊಂಡು ಅದಕ್ಕೆ ತಕ್ಕ ಕೀಗಳನ್ನು ಕಳಿಸುತ್ತದೆ. "ದಿ.", "ಲಿಂ.", "ಮರ್ಹೂಮ್" ಇವುಗಳಿಗೆ ಮಾತ್ರ ಒಂದು ಸಣ್ಣ ಪೆಟ್ಟಿಗೆ ಎದ್ದು ಬಂದು "ಇವರು ಇದ್ದಾರೋ ಇಲ್ಲವೋ?" ಅಂತ ಕೇಳುತ್ತದೆ. ಇಲ್ಲ ಅಂದರೇ ಅಕ್ಷರ ಬೀಳುತ್ತದೆ.

ನಿಮ್ಮ ವಾಕ್ಯಗಳನ್ನೂ ಹಾಕಿದ್ದೇನೆ. ಆದರೆ "ಬರ್ರಿ, ಕುಂದ್ರಿ" ಅನ್ನುವುದಕ್ಕೆ ಕೀ ಯಾಕೆ? ಪ್ರೆಸ್ಸಿನಲ್ಲಿ ನಿಮ್ಮ ಬಾಯಿ ಒಂದು ಗಳಿಗೆ ಸುಮ್ಮನಿರುತ್ತಿರಲಿಲ್ಲ. ಬಂದ ಗಿರಾಕಿ ಕೂಡ್ರುವುದರೊಳಗೆ ಅವನ ಬೀಗರ ಊರು ಕೂಡ ನಿಮಗೆ ಗೊತ್ತಾಗಿರುತ್ತಿತ್ತು.

ವಿಜಯಲಕ್ಷ್ಮಿ


ಮಾನ್ವಿ
3 ಅಕ್ಟೋಬರ್ 2024

ವಿಜಿ,

ಮೊದಲ ವಾರ ಸಿಟ್ಟು ಬರುತ್ತದೆ ಅಂದಿದ್ದೆ. ಸಿಟ್ಟಲ್ಲ, ಎರಡು ಸಲ ಅತ್ತೆ. ಮಲ್ಲಟದ ಒಬ್ಬ ಮುದುಕಪ್ಪನ ಅರ್ಜಿಯಲ್ಲಿ ಅವನ ಹೊಲ ಹೋಗಿ ಏನೋ ಬೇರೆಯೇ ಆಯಿತು. ಅವನು ಕನ್ನಡಕ ಏರಿಸಿ ಓದಿ, "ಇದು ಯಾವ ಭಾಷಾ ಐತಬೇ ಯವ್ವಾ" ಅಂದ. ಈಗ ಈ ಪುಟವನ್ನು ಒಂದೇ ಮಧ್ಯಾಹ್ನದಲ್ಲಿ ಹೊಡೆದೆ. ಎದುರು ಹೊಸದಾಗಿ ತೆಗೆದ ಅಂಗಡಿಯವನು ಎರಡು ಕೈಯಲ್ಲಿ ಹೊಡೆಯುವಷ್ಟರಲ್ಲಿ ನಾನು ಒಂದೇ ಕೈಯಲ್ಲಿ ಮುಗಿಸುತ್ತೇನೆ. ಮಾಲೀಕರು ನಿನ್ನೆ ಬಂದು ನಿಂತು ನೋಡಿ ಹೋದರು. ದೀಪಾವಳಿಯ ಮಾತು ಎತ್ತಲಿಲ್ಲ.

ಆ ಪೆಟ್ಟಿಗೆ ಎದ್ದು ಬಂದಾಗಲೆಲ್ಲ ಎದುರು ಕೂತವರನ್ನೇ ಓದಲು ಬಿಡುತ್ತೇನೆ. ಹಿರೇಕೊಟ್ನೆಕಲ್ಲಿನ ಒಬ್ಬಳು ಹೆಂಗಸು ಅದನ್ನು ಓದಿ, "ಇಲ್ರೀ, ಹೋಗ್ಯಾರ" ಅಂದಳು. ಅರ್ಜಿ ಬರೆಸಲು ಬಂದಾಗಿನಿಂದ ಆ ಮಾತನ್ನು ಅವಳು ಬಾಯಿಬಿಟ್ಟು ಆಡಿದ್ದು ಅದೇ ಮೊದಲಿರಬೇಕು. ನೀನು ಒಳ್ಳೆಯದು ಮಾಡಿದೆ.

ವಾಕ್ಯಗಳು ಯಾಕೆ ಅಂದೆಯಲ್ಲ, ಇಲ್ಲಿ ಮಂದಿ ಬಹಳ, ಗದ್ದಲ. ಕೂಗಿ ಕೂಗಿ ಸಾಕಾಗುತ್ತದೆ, ಅದಕ್ಕೇ.

ನೀನು ಸೆರಗಿನಲ್ಲಿ ಕೈ ಕಟ್ಟಿಕೊಂಡು ಹತ್ತು ದಿನ ಕೂತದ್ದನ್ನು ಓದಿ ಏನೆಂದು ಬರೆಯಲಿ. ನಿನ್ನ ಮೇಲಿನ ಮಮತೆ ನನಗೆ ಎಂದೂ ಹೋಗಿರಲಿಲ್ಲ ವಿಜಿ.

ನಿನ್ನ,
ವಾಹಿದಾ


ದೇವದುರ್ಗ
17 ನವೆಂಬರ್ 2024

ಆಪಾ,

ಪ್ರೆಸ್ಸಿನಲ್ಲಿ ಅಕ್ಕಾ ಅನ್ನುವ ಬದಲು ನಿನ್ನನ್ನು ಹೀಗೇ ಕರೆಯುತ್ತಿದ್ದೆ. ಕೂತು ಕೂತು ಎದ್ದು, ನಾಲ್ಕನೆಯ ಸಲ ಈ ಕಾಗದ ಬರೆಯುತ್ತಿದ್ದೇನೆ.

ದೀಪಾವಳಿಗೆ ಅಂಗಡಿ ಸ್ವಚ್ಛ ಮಾಡುವಾಗ ನಿನ್ನ ಹಳೆಯ ಪಟ್ಟಿಯ ಫೈಲನ್ನು ಸುಮ್ಮನೆ ತೆರೆದು ಪೂರ್ತಿ ಓದಿದೆ. ಏನಾದರೂ ಬದಲಾಯಿಸಿದರೆ ಅದರ ಮೇಲೆ ತಾರೀಖು, ಹೆಸರು ಬರೆದಿಡುವ ಚಟ ನನ್ನದೇ. ನಿನಗೂ ನಾನೇ ಕಲಿಸಿದ್ದೆ. F8 ಕೀಯ ಸಾಲಿನ ಮೇಲೆ ಹೀಗಿದೆ:

"14-3-2017. ಪುಣ್ಯಸ್ಮರಣೆ ಕಾರ್ಡಿನ ಸಲುವಾಗಿ ಇವತ್ತಿಗೆ ಮಾತ್ರ ಪೇಜ್‌ಮೇಕರಿನಲ್ಲೂ F8 = ಲಿಂ. ನಾಳೆ ಮೊದಲಿನಂತೆ ಶ್ರೀ ಮಾಡಬೇಕು. ವಿಜಿ."

ಅದರ ಕೆಳಗೆ:

"20-3-2017. F8 = ಶ್ರೀ. ವಾಹಿದಾ."

ನಾಳೆ ಮಾಡಬೇಕು ಅಂದವಳು ನಾನು. ಮರುದಿನ ಲಗ್ನದ ಜವಳಿ ತೆಗೆಯಲು ರಜೆ ಹಾಕಿ ಹೋದೆ. ನೀನು ನನ್ನ ತಂಗಿಯ ಕಾರ್ಡು ಮಾಡಲು ಕೂತೆ. ಬೀಗರು ಬಂಧುಗಳ ಹೆಸರೆಲ್ಲ ನಮ್ಮ ಕಾಕಾನ ಮನೆಯ ಕಾರ್ಡಿನಿಂದ ಇಳಿಸಿದ್ದು, ಹೊಸದಾಗಿ ಹೊಡೆದದ್ದು ಅಪ್ಪನ ಹೆಸರೊಂದೇ. ದಿನಕ್ಕೆ ಐವತ್ತು ಸಲ ಶ್ರೀ ಕೊಟ್ಟ ಕೀ ಅದು. ಒತ್ತಿದ ಮೇಲೆ ಯಾರು ನೋಡುತ್ತಾರೆ. ಪ್ರೂಫ್ ಬಂದಾಗ ನಾನೂ ನೋಡಲಿಲ್ಲ. ಮುಹೂರ್ತದ ವೇಳೆಯನ್ನಷ್ಟೇ ನೋಡಿ ಸಹಿ ಹಾಕಿದೆ.

ಅಪ್ಪ ಕಾರ್ಡು ನೋಡಿ ನಕ್ಕಿದ್ದರು. "ಅಚ್ಚಾಗಿ ಬಂದದ, ಇನ್ನ ನಾ ಇರೋದು ಸರಿಯಲ್ಲ ನೋಡು" ಅಂದಿದ್ದರು. ಅವರು ಹೋದ ಮೇಲೆ ಆ ನಗೆಯ ನೆನಪನ್ನು ನನಗೆ ತಾಳಲಾಗಲಿಲ್ಲ. ಮೂರನೆಯ ದಿನ ನೀನು ಮಾತಾಡಿಸಲು ಬಂದು ಹೊಸ್ತಿಲಲ್ಲಿ ನಿಂತಾಗ, ಊರ ಹೆಂಗಸರೆಲ್ಲ ಕೂತಿದ್ದಾಗ, ನಾನು ಏನಂದೆ ಅಂತ ನಿನಗೆ ನೆನಪಿದೆ. "ನಿನ್ನ ಕೈ ಸೇದಿ ಹೋಗ್ಲಿ" ಅಂದೆ. ಇನ್ನೊಂದು ಮಾತನ್ನೂ ಅಂದೆ, ಅದನ್ನು ಬರೆಯಲಾರೆ.

ನಿನ್ನ ಮೊದಲ ಕಾಗದ ಬಂದ ದಿನವೇ ಈ ಮಾತು ನನ್ನ ಎದೆಯಲ್ಲಿ ಕೂತಿತ್ತು. ಆಗ ತಪ್ಪು ನಿನ್ನದೆಂಬ ಒಂದು ಆಸರೆ ಇತ್ತು. ಈಗ ಅದೂ ಇಲ್ಲ. ನಿನಗೆ ಏಳು ವರ್ಷದಿಂದ ಗೊತ್ತಿತ್ತು ಆಪಾ. ಯಾಕೆ ಹೇಳಲಿಲ್ಲ?

ನಂಬರಿನ ಬ್ಲಾಕ್ ತೆಗೆದು ಮೂರು ಸಲ ಫೋನ್ ಮಾಡಿದೆ. ನೀನು ಎತ್ತಲಿಲ್ಲ. ಸಿಟ್ಟಾದರೂ ಮಾಡು, ಫೋನ್ ಎತ್ತು.

ನಿನ್ನ ತಂಗಿ ಅನ್ನಲು ಮೋರೆ ಇಲ್ಲದ,
ವಿಜಿ


ಮಾನ್ವಿ
25 ನವೆಂಬರ್ 2024

ವಿಜಿ,

ಆ ಎರಡು ಸಾಲು ಅಳಿಸಿ ಕಳಿಸಬೇಕಿತ್ತು. ಲಕ್ಷ್ಯಕ್ಕೆ ಬರಲಿಲ್ಲ.

ಯಾಕೆ ಹೇಳಲಿಲ್ಲ ಅಂದರೆ, ಅಪ್ಪನನ್ನು ಮಣ್ಣು ಮಾಡಿ ಬಂದ ಮಗಳಿಗೆ ಅದನ್ನು ಹೇಳುವುದು ಕಸಾಯಿ ಕೆಲಸ. ಆಮೇಲೆ ಹೇಳೋಣವೆಂದುಕೊಂಡೆ, ಆಮೇಲೆ ನೀನು ಸಿಗಲಿಲ್ಲ. ಇನ್ನೂ ಒಂದು ಇದೆ. ಕೀ ಯಾರೇ ಬದಲಾಯಿಸಿರಲಿ, ಒತ್ತಿದ ಮೇಲೆ ಪರದೆ ನೋಡದಿದ್ದ ಕಣ್ಣು ನನ್ನದು. ನಿಮ್ಮ ಅಪ್ಪಾರು ರಾಯಚೂರಿಗೆ ಬಂದಾಗಲೆಲ್ಲ ನನಗೂ ಒಂದು ಪೊಟ್ಟಣ ಮಂಡಕ್ಕಿ ಒಗ್ಗರಣೆ ತರುತ್ತಿದ್ದರು. ಅವರ ಹೆಸರು ಹೊಡೆಯುವಾಗ ನಾನು ತಲೆ ಎತ್ತಿ ನೋಡಬೇಕಿತ್ತು.

ಕೈಯ ವಿಷಯ. ಡಾಕ್ಟರು ಹೇಳಿದ್ದು ಬಿಪಿ, ಉಪ್ಪಿನಕಾಯಿ, ಗುಳಿಗೆ ತಪ್ಪಿಸಿದ್ದು. ನಿನ್ನ ಹೆಸರು ಚೀಟಿಯಲ್ಲಿ ಎಲ್ಲೂ ಇಲ್ಲ. ನಿನ್ನ ಬಾಯಿಗೆ ಅಷ್ಟು ತಾಕತ್ತಿದ್ದರೆ, ಹಬ್ಬಕ್ಕೂ ರಜೆ ಕೊಡದ ನಮ್ಮ ವಲಿ ಪಾಷಾ ಸಾಹೇಬರು ಹತ್ತು ಸಲ ಹೋಗಿರಬೇಕಿತ್ತು. ಎಷ್ಟು ಬೈದಿದ್ದೀ ಅವರಿಗೆ. ಎಂಬತ್ತೆರಡು ವರ್ಷ, ಇನ್ನೂ ಸೈಕಲ್ ಹೊಡೆಯುತ್ತಾರಂತೆ.

ಫೋನ್ ಕೆಟ್ಟಿದೆ, ಮಾತು ಕೇಳಿಸುವುದಿಲ್ಲ. ಕಾಗದವೇ ಇರಲಿ.

ನಿನ್ನ,
ಆಪಾ


ದೇವದುರ್ಗ
20 ಡಿಸೆಂಬರ್ 2024

ಆಪಾ,

ಅವ್ವನಿಗೆ ಹೇಳಿದೆ. ಎರಡು ದಿನ ನನ್ನ ಕೈಯ ನೀರನ್ನೂ ಮುಟ್ಟಲಿಲ್ಲ. ಮೂರನೆಯ ದಿನ ಅಂದಳು: "ನಿನ್ನ ಮಾತು ಕೇಳಿ ಏಳು ವರ್ಷ ಆ ಹೆಣ್ಣಮಗಳನ್ನ ಬೈದೀನಿ. ಮೊದಲ ಹೋಗಿ ಆಕಿ ಮುಂದ ಕುಂದ್ರು. ಆಮ್ಯಾಲ ಬಂದು ನನಗ ಮಾರಿ ತೋರ್ಸು."

ಮೊನ್ನೆ ಸೋಮವಾರ ಮಾನ್ವಿಗೆ ಬಂದಿದ್ದೆ.

ನಿನ್ನ ಅಂಗಡಿಯ ಎದುರು, ರಸ್ತೆಯ ಈಚೆಗೆ, ಚಹಾದ ಅಂಗಡಿಯಲ್ಲಿ ನಿಂತಿದ್ದೆ. ಯಾರೋ ರೈತರು ಒಳಗೆ ಬಂದರು. ನೀನು ನಕ್ಕು, ಏನನ್ನೂ ಅನ್ನದೆ, ಪರದೆಯನ್ನು ಅವರ ಕಡೆ ತಿರುಗಿಸಿದೆ. ಅವರು ಓದಿ ಕೂತರು. ಮತ್ತೆ ತಿರುಗಿಸಿದೆ, ಆಧಾರ್ ಕೊಟ್ಟರು. ಆಮೇಲೆ ಒಬ್ಬ ಮುದುಕಿ ಬಂದಳು. ಆಕೆಗೆ ಓದಲು ಬರುತ್ತಿರಲಿಲ್ಲ. ಆಗ ನೀನು ಮಾತಾಡಿದೆ. ಬಾಯಿ ಒಂದು ಕಡೆಗೆ ಎಳೆದುಕೊಂಡಿತು. ಒಂದು ಮಾತಿಗೆ ಎಷ್ಟು ಹೊತ್ತು ಹಿಡಿಯಿತು ಆಪಾ. ಚಹಾದವನು ನನಗೆ "ಲಕ್ವಾ ಹೊಡದಾಗಿಂದ ಮಾತು ನಿಂತಾವ್ರೀ, ಮೊದಲ ಎಷ್ಟ್ ಮಾತಾಡ್ತಿದ್ರು" ಅಂದ.

ಅವತ್ತು ಹೊಸ್ತಿಲಲ್ಲಿ ನಾನು ಅಂದ ಇನ್ನೊಂದು ಮಾತು "ನಿನ್ನ ಬಾಯಿ ಬಿದ್ದು ಹೋಗ್ಲಿ". ಎರಡು ಅಂದಿದ್ದೆ, ಎರಡೂ ಆಗಿವೆ. ನಾನು ಲೆಕ್ಕ ಹಾಕಬಾರದೆಂದೇ ನೀನು ಬಾಯಿಯ ವಿಷಯ ಮುಚ್ಚಿಟ್ಟೆ. ಫೋನ್ ಕೆಟ್ಟಿರಲಿಲ್ಲ.

ರಸ್ತೆ ದಾಟಲು ನನ್ನಿಂದ ಆಗಲಿಲ್ಲ. ಅದೇ ಬಸ್ಸಿಗೆ ತಿರುಗಿ ಬಂದೆ. ಅವ್ವ ಬಾಗಿಲಲ್ಲೇ ನನ್ನ ಮೋರೆ ನೋಡಿ, ಒಳಗೆ ಹೋದಳು.

ನನ್ನನ್ನು ಕ್ಷಮಿಸು ಅಂತ ಕೇಳಲೂ ಹೆದರಿಕೆ. ನನ್ನ ಬಾಯಿಂದ ಬಂದ ಯಾವ ಮಾತಿನ ಮೇಲೂ ನನಗೀಗ ನಂಬಿಕೆಯಿಲ್ಲ.

ವಿಜಿ


ಮಾನ್ವಿ
24 ಡಿಸೆಂಬರ್ 2024

ವಿಜಿ,

ಹೌದು, ಮುಚ್ಚಿಟ್ಟೆ. ನಿನ್ನ ಸಲುವಾಗಿ ಅರ್ಧ, ನನ್ನ ಸಲುವಾಗಿ ಅರ್ಧ. ಕಾಗದದಲ್ಲಾದರೂ ನಾನು ಹಳೆಯ ವಾಹಿದಾ ಆಗಿ, ಸರಸರ ಮಾತಾಡುವವಳಾಗಿ ಇರಬೇಕೆನಿಸಿತು. ಆರು ತಿಂಗಳು ನಿನ್ನ ಜೊತೆ ಹಾಗೆ ಮಾತಾಡಿದೆ. ಅದರ ಸುಖ ನಿನಗೆ ತಿಳಿಯುವುದಿಲ್ಲ.

ಕಾರ್ಡನ್ನು ಕ್ಷಮಿಸಿ ಬಹಳ ದಿನವಾಯಿತು. ಬೈಗುಳವನ್ನೂ ಕ್ಷಮಿಸಿದೆ, ಸಾವಿನ ಮನೆಯಲ್ಲಿ ಯಾರ ಬಾಯಲ್ಲಿ ಏನು ಬರುತ್ತದೆಂದು ಯಾರಿಗೆ ಗೊತ್ತು. ಆದರೆ ಸೋಮವಾರ ನೀನು ರಸ್ತೆಯ ಆಚೆ ನಿಂತು ತಿರುಗಿ ಹೋದೆಯಲ್ಲ, ಅದಕ್ಕೆ ನನಗೆ ನಿಜವಾಗಿ ಸಿಟ್ಟು ಬಂದಿದೆ. ಕಾಗದ ಓದಿ ಅಂಗಡಿಯ ಬಾಗಿಲು ಮುಂದೆ ಮಾಡಿಕೊಂಡು ಅತ್ತೆ.

ಮಾತಾಡುತ್ತಿದ್ದರೆ ನಾಲಿಗೆ ತಿರುಗುತ್ತದೆ ಅಂತ ಡಾಕ್ಟರು ಹೇಳಿದ್ದಾರೆ. ಯಾರ ಜೊತೆ ಮಾತಾಡಲಿ? ನಾನು ಒಂದು ಮಾತು ಶುರು ಮಾಡಿದರೆ ಮುಕರ್ರಂ ಅದನ್ನು ತಾವೇ ಮುಗಿಸುತ್ತಾರೆ. ಪಾಪ, ನನಗೆ ಕಷ್ಟವಾಗಬಾರದು ಅಂತ. ಗಿರಾಕಿಗಳಿಗೆ ಬಸ್ಸಿನ ಅವಸರ. ಎಲ್ಲರೂ ನನಗಿಂತ ಮುಂದೆ ಓಡುತ್ತಾರೆ. ನಿನ್ನ ಕೀಗಳು ಇನ್ನೂ ಮುಂದೆ ಓಡುತ್ತವೆ. ದಿನವಿಡೀ ನಾನು ನನ್ನ ಬಾಯಿಂದ ಹತ್ತು ಮಾತು ಆಡುವುದಿಲ್ಲ.

ಅವತ್ತು ನಿಮ್ಮ ಹೊಸ್ತಿಲಲ್ಲಿ ನಿಂತು ನಾನು "ವಿಜಿ, ಅಪ್ಪಾರು" ಅಂತ ಶುರು ಮಾಡಿದ್ದೆ. ಕೀಯ ತಪ್ಪು ಯಾರದೆಂದು ಹೇಳಲು ಬಂದಿರಲಿಲ್ಲ. ಅವರ ಬಗ್ಗೆ ಬೇರೆ ಏನೋ ಹೇಳಲು ಬಂದಿದ್ದೆ. ಅವರು ಹೋಗುವುದಕ್ಕೆ ಹದಿನೈದು ದಿನ ಮುಂಚೆ ಪ್ರೆಸ್ಸಿಗೆ ಬಂದು, ನನ್ನ ಎದುರು ಕೂತು, ಆ ಕಾರ್ಡಿನ ವಿಷಯ ನಗುನಗುತ್ತಲೇ ನನ್ನ ಹತ್ತಿರ ಮಾತಾಡಿ ಹೋಗಿದ್ದರು. ಹೊಸ್ತಿಲಲ್ಲಿ ಅದನ್ನು ಹೇಳುವ ಮೊದಲೇ ನೀನು ಬೈದು, ಕೇಳದೆ ಎದ್ದು ಒಳಗೆ ಹೋದೆ. ಅವರು ಅಂದದ್ದನ್ನು ಇಲ್ಲಿ ಹೊಡೆದು ಕಳಿಸಬಹುದು, ಎಡಗೈಗೆ ಎರಡು ನಿಮಿಷದ ಕೆಲಸ. ಕಳಿಸುವುದಿಲ್ಲ. ಅದು ನನ್ನ ಬಾಯಿಂದ ನಿನಗೆ ಹೇಳಬೇಕಾದ ಮಾತು.

ಭಾನುವಾರ ಅಂಗಡಿಗೆ ರಜೆ, ಮನೆಗೆ ಬಾ. ಅವ್ವನನ್ನೂ ಕರೆದುಕೊಂಡು ಬಾ. ನಾನು ಹೇಳುವಾಗ ನಡುವೆ ಬಾಯಿ ಹಾಕಬೇಡ, ನನ್ನ ಮಾತನ್ನು ನೀನು ಮುಗಿಸಬೇಡ. ಮೊದಲಾಗಿದ್ದರೆ ಒಂದು ಗಳಿಗೆಯ ಮಾತು. ಈಗ ಅರ್ಧ ತಾಸಾದರೂ ಹಿಡಿಯುತ್ತದೆ. ಅಷ್ಟು ಹೊತ್ತು ಎದ್ದು ಹೋಗದೆ ಕೂಡ್ರು.

ಆಪಾ